ಬರುವವರು, ಹೋಗುವವರು, ಇರುವವರು

ಕೊಳ್ಳೇಗಾಲದಿಂದ ಹನೂರಿನ ಮಾರ್ಗವಾಗಿ ಮಲೆ ಮಹದೇಶ್ವರ ಬೆಟ್ಟಕ್ಕೆ ಪಯಣಿಸಿದವರಿಗೆಲ್ಲ ಕಾಮಗೆರೆ ಪರಿಚಿತವಾದ ಊರು. ಮಾದಪ್ಪನ ಪರಸೆಯವರು ಕಾಲ್ನಡಿಗೆಯಲ್ಲಿ ಸಾಗುವುದು ಈ ಊರಿನ ಮೇಲೆಯೇ. ಸುತ್ತಣ ಹಳ್ಳಿಗಳ ರೋಗಿಗಳು ಬಂದು ಸೇರುವ, ಧರ್ಮಭಗಿನಿಯರು ನಡೆಸುವ ಹೋಲಿ ಕ್ರಾಸ್ ಆಸ್ಪತ್ರೆಯಿರುವುದೂ ಇಲ್ಲಿಯೇ. ಕ್ರೈಸ್ತ ಸಂನ್ಯಾಸಿಗಳ ಸೇವೆ ಈ ಸೀಮೆಗೆ ಹೊಸದಲ್ಲವಾದಕಾರಣ, ಬೇಸಗೆಯ ರಜೆ ಮುಗಿದು ಶಾಲೆಗಳು ಬಾಗಿಲು ತೆರೆಯುವ ಹೊತ್ತಿಗೆ "ಹಳೇ ಬ್ರದರು ಹೊಂಟೋದ್ರಂತೆ, ಹೊಸಬ್ರು ಬಂದವ್ರಂತೆ" ಎಂಬ ಮಾತು ಇಂಥ ಊರುಗಳಲ್ಲಿ ಯಾರಿಗೂ ಆಶ್ಚರ್ಯವನ್ನುಂಟುಮಾಡದು.

ಈ ಬ್ರದರು, ಎಂದರೆ ಧರ್ಮಸಹೋದರರು, ಪಾದ್ರಿಗಳಲ್ಲ. ಇವರು ಪೂಜೆಯನ್ನರ್ಪಿಸುವುದಿಲ್ಲ, ಪಾಪನಿವೇದನೆಯನ್ನು ಕೇಳುವುದಿಲ್ಲ. ಬಡತನ, ಬ್ರಹ್ಮಚರ್ಯ, ವಿಧೇಯತೆಗಳೆಂಬ ಮೂರು ವ್ರತಗಳನ್ನು ಕೈಗೊಂಡು, ನಾಲ್ಕಾರು ಜನ ಒಂದೇ ಸೂರಿನಡಿಯಲ್ಲಿ ಬಾಳುತ್ತ, ಶಾಲೆಯನ್ನೋ ವಿದ್ಯಾರ್ಥಿನಿಲಯವನ್ನೋ ನಡೆಸತಕ್ಕವರು. 1680ರ ಸುಮಾರಿಗೆ ಫ್ರಾನ್ಸಿನ ರೀಮ್ಸ್ ನಗರದಲ್ಲಿ ಬಡಮಕ್ಕಳಿಗೆ ಪಾಠ ಹೇಳಲು ಉಪಾಧ್ಯಾಯರನ್ನು ಒಂದುಗೂಡಿಸಿದ ಜಾನ್ ಬ್ಯಾಪ್ಟಿಸ್ಟ್ ದ ಲಾ ಸಾಲ್ ಸ್ವತಃ ಪಾದ್ರಿಯಾಗಿದ್ದರೂ, ತಾನು ಕಟ್ಟಿದ ಸಹೋದರ ಸಂಘದಲ್ಲಿ ಪಾದ್ರಿಗಳಿರಕೂಡದೆಂಬ ನಿಯಮವನ್ನು ನೆಲೆಗೊಳಿಸಿದರು. ಇಂತಹ ಜೀವನವು ಅರ್ಧದ್ದಲ್ಲ, ತನ್ನಷ್ಟಕ್ಕೆ ತಾನೇ ಪರಿಪೂರ್ಣವಾದುದೆಂದು ಎರಡನೆಯ ವ್ಯಾಟಿಕನ್ ಮಹಾಸಭೆ 1965ರಲ್ಲಿ ಸಾರಿತು. ಇಂತಹ ಸಹೋದರರ ಮನೆಯ ಮುಖ್ಯಸ್ಥನ ಅಧಿಕಾರಕ್ಕೆ ಕಾಲಮಿತಿಯುಂಟು. ಸಂಘದ ಪ್ರಾಂತ್ಯಾಧಿಕಾರಿಯ ಪತ್ರ ಬಂದರೆ, ನೆಟ್ಟ ತೆಂಗು ಫಲ ಕೊಡುವುದಕ್ಕೆ ಮುನ್ನವೇ ಪೆಟ್ಟಿಗೆಯನ್ನು ಕಟ್ಟಿಕೊಂಡು ಹೊರಡಬೇಕಾಗುವುದುಂಟು.

ಇದನ್ನು ಆಕ್ಷೇಪಿಸುವುದು ನನ್ನ ಉದ್ದೇಶವಲ್ಲ. ಸಂನ್ಯಾಸಿ ಒಂದೆಡೆ ಬೇರೂರಕೂಡದೆಂಬ ವಿವೇಕವು ನಮಗೆ ಪರಕೀಯವಾದುದೂ ಅಲ್ಲ: ಚಾತುರ್ಮಾಸ್ಯವೊಂದನ್ನುಳಿದು ಯತಿಗಳು ಸಂಚಾರಿಗಳಾಗಿರಬೇಕೆಂದು ವಿಧಿಸಿದವರು ನಮ್ಮವರು, ಸ್ಥಾವರಕ್ಕಿಂತ ಜಂಗಮವನ್ನು ಹಿರಿದೆಂದವರೂ ನಮ್ಮವರೇ. ಇಪ್ಪತ್ತು ವರ್ಷ ಒಂದೇ ವಿದ್ಯಾರ್ಥಿನಿಲಯವನ್ನಾಳಿದವನಿಗೆ ಅದು ತನ್ನ ಸ್ವಂತದ್ದೆಂಬ ಭಾವನೆ ತಾನಾಗಿಯೇ ಬಂದುಬಿಡುತ್ತದೆ, ಊರಿನವರಿಗೂ ಹಾಗೆಯೇ ತೋರತೊಡಗುತ್ತದೆ. ಆದರೂ, ಮೈಸೂರು ಸೀಮೆಯಲ್ಲಿ 'ದೊಡ್ಡಸ್ವಾಮಿಯವರು' ಎನಿಸಿಕೊಂಡಿದ್ದ ಫ್ರೆಂಚ್ ಪಾದ್ರಿ ಅಬ್ಬೆ ದುಬುವಾ 1823ರಲ್ಲಿ ಫ್ರಾನ್ಸಿಗೆ ಮರಳುವುದಕ್ಕೆ ಮುನ್ನ ಈ ದೇಶದಲ್ಲಿ ಸುಮಾರು ಮೂವತ್ತು ವರ್ಷಗಳನ್ನು ಕಳೆದು, ಇಲ್ಲಿಯವರಂತೆ ಉಟ್ಟು, ಇಲ್ಲಿಯವರಂತೆ ಉಂಡಿದ್ದರೆಂಬುದನ್ನು ನೆನೆದಾಗ, ದೀರ್ಘವಾಸದಿಂದ ಲಭಿಸುವ ಜ್ಞಾನಕ್ಕೆ ಬದಲಿಲ್ಲವೆಂದು ಒಪ್ಪಲೇಬೇಕಾಗುತ್ತದೆ.

ತೊಡಕು ಹುಟ್ಟುವುದು, ವರ್ಗವಾಗುವ ಧರ್ಮಸಹೋದರರ ಜೊತೆಗೆ ಸ್ವಯಂಸೇವಕರೂ ಬಂದುಹೋಗತೊಡಗಿದಾಗ. ಹೊರದೇಶದ ತರುಣತರುಣಿಯರು ಕೆಲವು ವಾರಗಳಿಗೋ ತಿಂಗಳುಗಳಿಗೋ ಸೇವೆಗೆಂದು ಬಂದು ಇಂತಹ ಮನೆಗಳಲ್ಲಿ ಇಳಿದುಕೊಳ್ಳುತ್ತಾರೆ. ಅತಿಥಿ ಬಂದ 24 ಗಂಟೆಗಳೊಳಗೆ ನಿಗದಿತ ಫಾರಂ ಭರ್ತಿಮಾಡಿ ಸರ್ಕಾರಕ್ಕೆ ತಿಳಿಸುವುದು, ಕುದಿಸಿದ ನೀರಿನ ಏರ್ಪಾಡು, ಸೊಳ್ಳೆಪರದೆ, ಮುದ್ದೆಯನ್ನು ಅಗಿಯದೆ ಹುರುಳಿಸಾರಿನಲ್ಲದ್ದಿ ನುಂಗಬೇಕೆಂಬ ಪಾಠ, ಇವೆಲ್ಲ ಮನೆಯವರ ಪಾಲಿನವು. ಬಂದವರ ಉತ್ಸಾಹ ಪ್ರಾಮಾಣಿಕವಾದುದೇ. ಆದರೆ 1956ರವರೆಗೆ ಮದರಾಸು ರಾಜ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿದ್ದ ಈ ಕೊಳ್ಳೇಗಾಲದ ಸೀಮೆಯಲ್ಲಿ, ಒಂದು ಮಗು ಕನ್ನಡದಲ್ಲಿ ಆಡಿದರೆ ಅದರ ಪಕ್ಕದ್ದು ಮನೆಯಲ್ಲಿ ತಮಿಳಾಡುತ್ತದೆ; ಎರಡನ್ನೂ ಅರಿಯದವನು ಕಲಿಸಿದ ಇಂಗ್ಲಿಷ್ ಹಾಡು ಎಷ್ಟು ದಿನ ಉಳಿದೀತು? ಅವನು ಹೋದ ಮೇಲೆ ಬಂದವಳು ಬೇರೊಂದು ಹಾಡನ್ನು ಮೊದಲಿನಿಂದ ಕಲಿಸುತ್ತಾಳೆ.

ಹೊಸ ಮುಖ್ಯಸ್ಥರೂ ಹಾಗೆಯೇ. ಹಿಂದಿನವರು ರಾತ್ರಿಯ ಪಾಠವನ್ನು ಏತಕ್ಕಾಗಿ ಆರಂಭಿಸಿದರು, ಯಾವ ಹಳ್ಳಿಯ ಮಕ್ಕಳಿಗೆ ಶುಲ್ಕದಲ್ಲಿ ಏಕೆ ರಿಯಾಯಿತಿ ಕೊಟ್ಟರು ಎಂಬುದು ಕಡತದಲ್ಲಿಲ್ಲ. ಕಡತದಲ್ಲಿಲ್ಲದ್ದು ಅನಾವಶ್ಯಕವೆಂದು ತೋರಿ, ಒಂದು ದಿನ ನಿಂತುಹೋಗುತ್ತದೆ. ಅದರ ಕಾರಣವನ್ನು ಬಲ್ಲವರು ಮನೆಯಲ್ಲಿಯೇ ಇದ್ದಾರೆ. ಅಡುಗೆಯ ಅಕ್ಕನಿಗೆ ಯಾವ ಹುಡುಗನ ತಂದೆತಾಯಿ ಕೊಡಗಿನ ಕಾಫಿತೋಟಕ್ಕೆ ಕೂಲಿಗೆ ಹೋಗಿದ್ದಾರೆ, ಯಾರು ರಜೆಯಲ್ಲಿ ಊರಿಗೆ ಹೋದರೆ ಮರಳಿ ಬರುವುದು ಸಂಶಯ, ಯಾವ ಪೋಡಿನ ಸೋಲಿಗರ ಮಗು ಹೊಸ ಮುಖ ಕಂಡರೆ ಊಟ ಬಿಡುತ್ತದೆ ಎಂಬುದೆಲ್ಲ ಗೊತ್ತು. ವಾರ್ಡನ್ನಿಗೆ, ಕಾವಲಿನ ಹಿರಿಯನಿಗೆ, ಸ್ಥಳೀಯ ಉಪಾಧ್ಯಾಯಿನಿಗೆ ಅದರ ಉಳಿದ ಭಾಗ ಗೊತ್ತು. ಸಂಸ್ಥೆಯ ಸ್ಮೃತಿ ಇವರಲ್ಲಿದೆ, ಅಧಿಕಾರ ಮಾತ್ರ ಇವರಲ್ಲಿಲ್ಲ. ಅತ್ಯಲ್ಪ ಸಂಬಳಕ್ಕೆ ದುಡಿಯುವ ಇವರಿಗೆ ವರ್ಗದ ಸುದ್ದಿ ತಲುಪುವುದು ಎಲ್ಲರಿಗಿಂತ ಕೊನೆಯಲ್ಲಿ, ಅದೂ ಬೀಳ್ಕೊಡುಗೆಯ ಅಡುಗೆ ಎಷ್ಟು ಜನಕ್ಕೆಂದು ಹೇಳುವಾಗ.

ನನ್ನ ಅಭಿಪ್ರಾಯದಲ್ಲಿ ಲೋಪವಿರುವುದು ಇಲ್ಲಿಯೇ. ವರ್ಗವು ವ್ರತದ ಅಂಗವಾದುದರಿಂದ ಅದನ್ನು ಬಿಡಿರೆಂದು ಯಾರೂ ಹೇಳಲಾರರು. ಆದರೆ ಹೋಗುವವರೂ ಬರುವವರೂ ಒಂದು ಶಾಲಾವರ್ಷದ ಅರ್ಧದಷ್ಟಾದರೂ ಒಂದೇ ಮನೆಯಲ್ಲಿರುವಂತೆ ಮಾಡುವುದಕ್ಕೆ ಯಾವ ವ್ರತವೂ ಅಡ್ಡಬಾರದು. ಮುಖ್ಯಸ್ಥರನ್ನೂ ಉಳಿದ ಸಹೋದರರನ್ನೂ ಒಂದೇ ಬೇಸಗೆಯಲ್ಲಿ ಬದಲಾಯಿಸುವ ಪದ್ಧತಿಯಂತೂ ಅವಿವೇಕವೇ ಸರಿ. ಆರು ತಿಂಗಳಿಗಿಂತ ಕಡಿಮೆ ಕಾಲಕ್ಕೆ ಬರುವ ಸ್ವಯಂಸೇವಕರನ್ನು ಅತಿಥಿಗಳೆಂದು ಆದರಿಸಿ, ಮುದ್ದೆಯುಣ್ಣಿಸಿ, ಬೆಟ್ಟ ತೋರಿಸಿ ಕಳುಹಿಸಿಕೊಡಲಿ, ಮಕ್ಕಳ ಮುಂದೆ ಉಪಾಧ್ಯಾಯರೆಂದು ನಿಲ್ಲಿಸುವುದು ಬೇಡ. ಹೆಚ್ಚು ಕಾಲ ಇರತಕ್ಕವರು ಮೊದಲನೆಯ ತಿಂಗಳನ್ನು ಕನ್ನಡಕ್ಕೆ ಮೀಸಲಿಡಲಿ. ಕಲಿಸುವವರು ಅದೇ ಅಡುಗೆಮನೆಯಲ್ಲಿದ್ದಾರೆ, ಅವರಿಗೆ ಅದಕ್ಕಾಗಿ ಪ್ರತ್ಯೇಕ ಸಂಭಾವನೆಯೂ ಸಲ್ಲಲಿ.

ಪ್ರಾಂತ್ಯಾಧಿಕಾರಿಗಳಲ್ಲಿ ನನ್ನದೊಂದು ವಿಜ್ಞಾಪನೆ: ಮುಂದಿನ ಬೇಸಗೆಯ ವರ್ಗದ ಪಟ್ಟಿಗೆ ಸಹಿ ಹಾಕುವ ಮುನ್ನ, ಆಯಾ ಮನೆಗಳ ಸ್ಥಳೀಯ ನೌಕರರನ್ನು ಕೂಡಿಸಿ, ಈ ಮನೆಯಲ್ಲಿ ಯಾವುದು ನಿಲ್ಲಕೂಡದು ಎಂದು ಕೇಳಿರಿ, ಅವರು ಹೇಳಿದ್ದನ್ನು ಬರೆಯಿಸಿ, ಹೊಸ ಮುಖ್ಯಸ್ಥರ ಕೈಗೆ ನೇಮಕಪತ್ರದ ಜೊತೆಯಲ್ಲಿಯೇ ಕೊಡಿರಿ.