ಬಾಗಿನಕ್ಕೆ ಮಾತ್ರ ಹೆಂಗಸರೇ?

ಅರಿಶಿನಕುಂಟೆ ಎಂಬ ಹೆಸರಿನಲ್ಲೇ ನೀರಿದೆ. ಕುಂಟೆಯೆಂದರೆ ಸಣ್ಣ ಕೆರೆ ತಾನೇ? ತುಮಕೂರು ರಸ್ತೆಯ ಮಗ್ಗುಲಿನ ಈ ಊರಿನ ಕಡೆ ಹೋದರೆ ಇಂದು ಕಣ್ಣಿಗೆ ಬೀಳುವುದು ಗೋದಾಮು, ಬಡಾವಣೆ, ನೀರಿನ ಟ್ಯಾಂಕರು. ಸರ್ಕಾರದ ಅಂತರ್ಜಲ ವರದಿಗಳು ನೆಲಮಂಗಲ ಸೀಮೆಯನ್ನು ಅತಿಬಳಕೆಯ ಪಟ್ಟಿಗೆ ಸೇರಿಸಿ ವರ್ಷಗಳೇ ಆದವು. ಕೆರೆ ಬತ್ತಿದರೆ ಕೊಳವೆಬಾವಿಯೂ ಬತ್ತುತ್ತದೆ. ಬತ್ತಿದ ಮೇಲೆ ಬಿಂದಿಗೆ ಹಿಡಿದು ನಿಲ್ಲುವವರು ಯಾರೆಂದು ನಿಮಗೆ ಹೇಳಬೇಕಾಗಿಲ್ಲ.

ಹಿಂದಿನವರ ವ್ಯವಸ್ಥೆ ನೋಡಿ. ಒಂದು ಕೆರೆಯ ಕೋಡಿ ಬಿದ್ದ ನೀರು ಕಾಲುವೆಯಲ್ಲಿ ಮುಂದಿನ ಕೆರೆ ಸೇರುತ್ತಿತ್ತು. ಬೇಸಿಗೆಯಲ್ಲಿ ತೆಗೆದ ಹೂಳು ಗಾಡಿಯೇರಿ ಹೊಲಕ್ಕೆ ಗೊಬ್ಬರವಾಗುತ್ತಿತ್ತು. ತೂಬು ಎತ್ತಿ ಗದ್ದೆಗದ್ದೆಗೂ ನೀರು ಹಂಚಲು ನೀರುಗಂಟಿಯಿದ್ದ. ಅವನಿಗೆ ಸುಗ್ಗಿಯಲ್ಲಿ ಊರವರೇ ಧಾನ್ಯ ಅಳೆದುಕೊಡುತ್ತಿದ್ದರು. ಸಾಮಾನ್ಯ ಸೊತ್ತನ್ನು ಜನರೇ ಕಟ್ಟಳೆ ಮಾಡಿಕೊಂಡು ಕಾಯಬಲ್ಲರೆಂದು ಜಗತ್ತಿನ ಹಲವು ಊರುಗಳ ಉದಾಹರಣೆಯಿಂದ ತೋರಿಸಿದ ಎಲಿನಾರ್ ಆಸ್ಟ್ರಮ್‌ಗೆ 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು. ಆ ಬಹುಮಾನ ಪಡೆದ ಮೊದಲ ಹೆಂಗಸು ಆಕೆ.

ಹಾಗೆಂದು 'ಹಳೆಯದೆಲ್ಲ ಚಿನ್ನ' ಎನ್ನುವವರ ಜೊತೆ ನಾನು ಕೈ ಸೇರಿಸಲಾರೆ. ನೀರುಗಂಟಿಯ ಕೆಲಸ ಹೆಚ್ಚಾಗಿ ದಲಿತರ ಪಾಲಿಗೆ ಬಂದದ್ದು; ಅವರು ಹಂಚಿದ ನೀರು ಬಹುಪಾಲು ಬೇರೆಯವರ ಗದ್ದೆಗೆ ಹರಿಯಿತು. ನಮ್ಮ ಜನಪದರು ಹಾಡಿದ 'ಕೆರೆಗೆ ಹಾರ'ದಲ್ಲಿ ಕಿರಿಯ ಸೊಸೆ ಭಾಗೀರಥಿಯನ್ನೇ ಕೆರೆಗೆ ಬಲಿ ಕೊಟ್ಟರು. ನಿರ್ಧಾರ ಹಿರಿಯರದು, ಪ್ರಾಣ ಸೊಸೆಯದು. ಈ ಜಾಣತನ ನಮಗೆ ಬೇಡ. ಪರಂಪರೆಯಲ್ಲಿ ಉಳಿಸಿಕೊಳ್ಳಬೇಕಾದದ್ದು ಹಂಚಿಕೆಯ ನ್ಯಾಯ, ಜಾತಿಯ ಹಂಚಿಕೆಯನ್ನಲ್ಲ.

ಸರ್ಕಾರವೇ ನೋಡಿಕೊಳ್ಳಲಿ ಎನ್ನುವಿರಾ? ಮೆಜೆಸ್ಟಿಕ್ಕಿನಲ್ಲಿ ಬಸ್ಸಿಳಿದಾಗ ನಾವು ಕಾಲಿಡುವುದು ಧರ್ಮಾಂಬುಧಿ ಕೆರೆಯ ಅಂಗಳದ ಮೇಲೆ. ಸಂಪಂಗಿ ಕೆರೆ ಕ್ರೀಡಾಂಗಣವಾಯಿತು. ಕೆರೆಗಳ ಸಂರಕ್ಷಣೆಗೆ 2014ರಲ್ಲಿ ರಾಜ್ಯದಲ್ಲಿ ಕಾನೂನು ಬಂತು, ಪ್ರಾಧಿಕಾರವೂ ಬಂತು. ಆದರೆ ರಾಜಕಾಲುವೆಯ ಮೇಲೆ ರಾತ್ರೋರಾತ್ರಿ ಮಣ್ಣು ಸುರಿಯುವ ಲಾರಿಯನ್ನು ಮೊದಲು ಕಾಣುವುದು ದೂರದ ಕಚೇರಿಯಲ್ಲ, ಪಕ್ಕದ ಮನೆಯಾಕೆ. ಅವಳು ಕಂಡದ್ದನ್ನು ಕೇಳುವವರು ಯಾರು?

ಕೆರೆ ತುಂಬಿದಾಗ ಮಾತ್ರ ನಮ್ಮ ನೆನಪಾಗುತ್ತದೆ. ಮೊರದಲ್ಲಿ ಅರಿಶಿನ, ಕುಂಕುಮ, ಬಳೆಯಿಟ್ಟು ಬಾಗಿನ ಸಿದ್ಧಮಾಡುವುದು ನಾವು. ಪತ್ರಿಕೆಯ ಚಿತ್ರದಲ್ಲಿ ಮುಂದೆ ನಿಲ್ಲುವವರು ಶಾಸಕರು, ಗುತ್ತಿಗೆದಾರರು. ಪಂಚಾಯಿತಿಗಳಲ್ಲಿ ಹೆಂಗಸರಿಗೆ ಅರ್ಧ ಸ್ಥಾನವೆಂದು 2010ರಲ್ಲೇ ನಮ್ಮ ರಾಜ್ಯ ಒಪ್ಪಿದೆ. ಕೆರೆಯ ಸಮಿತಿಗೂ ಅದೇ ಲೆಕ್ಕ ಇರಲಿ. ಕೆರೆಯ ಎಲ್ಲೆ, ಕಾಲುವೆಯ ದಾರಿ ತೋರಿಸುವ ನಕ್ಷೆಯನ್ನು ಎಲ್ಲರೂ ಓದುವಂತೆ ಊರಮುಂದೆ ಹಾಕಲಿ. ಹೂಳೆತ್ತಿದ ಲೆಕ್ಕವನ್ನು ಸಭೆಯಲ್ಲಿ ಓದಲಿ. ನೀರುಗಂಟಿಗೆ ತಿಂಗಳ ಸಂಬಳ ಕೊಡಲಿ. ಆ ಕೆಲಸ ಯಾವ ಜಾತಿಯವರಿಗೂ ಸಿಗಲಿ, ಹೆಣ್ಣಿಗೂ ಸಿಗಲಿ.

ಅಕ್ಕತಂಗಿಯರೇ, ಗಂಗಮ್ಮನಿಗೆ ಬಾಗಿನ ಧಾರಾಳವಾಗಿ ಕೊಡೋಣ. ಆದರೆ ಕೊಡುವ ಮುನ್ನ ಲೆಕ್ಕದ ಪುಸ್ತಕ ಕೇಳೋಣ.