ಗುಡ್ಡಕ್ಕೆ ಹೋಗುವ ದಾರಿ

ಬನದ ಹುಣ್ಣಿವೆ ಹತ್ತಿರ ಬಂತೆಂದರೆ ಮುನವಳ್ಳಿಯ ರಸ್ತೆಗೆ ನಿದ್ದೆಯಿಲ್ಲ. ಗೋಕಾಕ, ಯರಗಟ್ಟಿ ಕಡೆಯಿಂದ ಸವದತ್ತಿಯ ಯಲ್ಲಮ್ಮನ ಗುಡ್ಡಕ್ಕೆ ಹೊರಟವರು ಈ ಊರು ಹಾದು, ಮಲಪ್ರಭೆ ದಾಟಿ ಮುಂದಕ್ಕೆ ಹೋಗುತ್ತಾರೆ. ಸರಿರಾತ್ರಿಯಲ್ಲಿ ಎತ್ತಿನ ಗೆಜ್ಜೆಸರದ ಸಪ್ಪಳ. ಅದರ ಬೆನ್ನಿಗೇ ಟ್ರ್ಯಾಕ್ಟರಿನ ಮೇಲಿನ ಸ್ಪೀಕರ್. ನಡುನಡುವೆ ‘ಉಧೋ ಉಧೋ’. ಭಾರತ ಹುಣ್ಣಿವೆ ಮುಗಿಯುವ ತನಕ ಹೀಗೆಯೇ. ಚಕ್ಕಡಿ ಕಟ್ಟಿಕೊಂಡು ಹೋಗುವುದೇ ನಿಜವಾದ ಜಾತ್ರೆ ಎನ್ನುವವರು ಒಂದು ಕಡೆ, ಎತ್ತುಗಳನ್ನು ಡಾಂಬರು ರಸ್ತೆಯಲ್ಲಿ ಯಾಕೆ ಗೋಳಾಡಿಸುತ್ತೀರಿ ಎನ್ನುವವರು ಇನ್ನೊಂದು ಕಡೆ. ಎರಡೂ ಮಾತಿನಲ್ಲಿ ಹುರುಳಿದೆ.

ಚಕ್ಕಡಿಯ ಪರವಾಗಿ ಹೇಳಬೇಕಾದದ್ದು ಅದರ ನಿಧಾನ. ಕೊಲ್ಲಾರಿ ಕಟ್ಟಿ, ಒಳಗೆ ಹುಲ್ಲು ಹಾಸಿ, ಎತ್ತುಗಳಿಗೆ ಝೂಲ ಹೊದಿಸಿ ಹೊರಟ ಮನೆತನ ಒಂದೇ ದಿನಕ್ಕೆ ಗುಡ್ಡ ಮುಟ್ಟುವುದಿಲ್ಲ. ಹೊಳೆದಂಡೆಯಲ್ಲೋ ಪರಿಚಯದವರ ಹೊಲದಲ್ಲೋ ಕೊಳ್ಳು ಹರಿಯಬೇಕು. ಎತ್ತಿಗೆ ನೀರು, ಮೇವು. ಮನುಷ್ಯರಿಗೆ ಸಜ್ಜಿರೊಟ್ಟಿ, ಶೇಂಗಾ ಹಿಂಡಿ. ಯಲ್ಲಮ್ಮನ ಹಾಡುಗಳನ್ನು ಸೊಸೆಯಂದಿರು ಅತ್ತೆಯಂದಿರಿಂದ ಕಲಿತದ್ದು ಇಂಥ ರಾತ್ರಿಗಳಲ್ಲಿ. ಗುಡ್ಡ ಮುಟ್ಟಿದ ಮೇಲೆ ಜೋಗುಳಬಾವಿಯ ಸ್ನಾನ, ಮೂರು ಕಲ್ಲಿನ ಒಲೆ, ಕಡಬು, ಹೋಳಿಗೆ, ಬದನೆಕಾಯಿ ಪಲ್ಯ. ಜೋಗತಿಯರನ್ನು ಕರೆದು ಪಡ್ಡಲಗಿ ತುಂಬಿಸಿ, ಚೌಡಕಿಯ ನಾದ ಕೇಳಿ, ಆಮೇಲೆ ಊಟ. ಇದಕ್ಕೆಲ್ಲ ಬಿಡುವು ಬೇಕು, ಆ ಬಿಡುವನ್ನು ಚಕ್ಕಡಿ ತಾನಾಗಿ ಕೊಡುತ್ತಿತ್ತು. ಬೆಳಿಗ್ಗೆ ಬಸ್ಸು ಹತ್ತಿ ಸಂಜೆ ಮನೆ ಸೇರುವವರು ಒಲೆ ಹೂಡುವುದು ಎಲ್ಲಿ?

ಆದರೆ ಎತ್ತಿನ ಕಡೆಯಿಂದಲೂ ನೋಡಬೇಕು. ಡಾಂಬರಿನಲ್ಲಿ ಲಾಳ ಬೇಗ ಸವೆಯುತ್ತದೆ, ಗೊರಸು ನೋಯುತ್ತದೆ. ಮುಂದಿನ ಬಂಡಿಯನ್ನು ಹಿಂದೆ ಹಾಕುವ ಹುರುಪಿನಲ್ಲಿ ಬಾರಕೋಲು ಬೀಸುವ ಹುಡುಗರನ್ನು ಪ್ರತಿ ವರ್ಷ ಕಾಣುತ್ತೇವೆ. ಭಾರ ಎಳೆಯುವ ಪ್ರಾಣಿಗಳಿಗಾಗಿ 1965ರಲ್ಲೇ ಆದ ಕೇಂದ್ರದ ನಿಯಮದ ಪ್ರಕಾರ ಅವನ್ನು ದಿನಕ್ಕೆ 9 ತಾಸಿಗಿಂತ ಹೆಚ್ಚು, ಒಂದೇ ಸಮನೆ 5 ತಾಸಿಗಿಂತ ಹೆಚ್ಚು ದುಡಿಸುವಂತಿಲ್ಲ. ಹಿಂದಿನ ರೈತ ಕಾಯ್ದೆ ಓದದೆಯೂ ಇದನ್ನು ಪಾಲಿಸುತ್ತಿದ್ದ, ನಾಳೆ ಹೊಲ ಉಳುವುದು ಅದೇ ಎತ್ತು ಎಂಬುದು ಅವನಿಗೆ ಗೊತ್ತಿತ್ತು. ಜಾತ್ರೆಗೆಂದೇ ಎತ್ತು ಕಡ ತಂದವನಿಗೆ ಆ ಎಚ್ಚರ ಇರುವುದು ಕಷ್ಟ.

ಇನ್ನೊಂದು ಮಾತನ್ನು ಹಳೆಯದರ ಅಭಿಮಾನಿಗಳು ಮರೆಯುತ್ತಾರೆ. ಚಕ್ಕಡಿ ಇದ್ದದ್ದು ಎತ್ತು ಇದ್ದವರ ಮನೆಯಲ್ಲಿ. ಕೂಲಿ ಮಾಡುವ ಹೆಣ್ಣುಮಗಳು, ಗಂಡ ತೀರಿಕೊಂಡವಳು ಇನ್ನೊಬ್ಬರ ಬಂಡಿಯಲ್ಲಿ ಜಾಗ ಬೇಡಬೇಕಿತ್ತು, ಇಲ್ಲವೇ ನಡೆಯಬೇಕಿತ್ತು. 2023ರ ಜೂನ್ 11ರಂದು ಹೆಣ್ಣುಮಕ್ಕಳಿಗೆ ಉಚಿತ ಬಸ್ ಪ್ರಯಾಣದ ಶಕ್ತಿ ಯೋಜನೆ ಬಂದ ಮೇಲೆ ಅಂಥವಳು ಯಾರನ್ನೂ ಕೇಳದೆ, ಆಧಾರ್ ಕಾರ್ಡು ತೋರಿಸಿ ಕೆಂಪು ಬಸ್ಸು ಹತ್ತಿ, ತನ್ನ ಹರಕೆ ತಾನೇ ಮುಟ್ಟಿಸಿ ಬರುತ್ತಾಳೆ. ಇದನ್ನು ನಾನು ಸಣ್ಣ ಬದಲಾವಣೆ ಎಂದು ಎಣಿಸಲಾರೆ. ಗುಡ್ಡದ ಹಳೆಯದೆಲ್ಲ ಉಳಿಯಬೇಕಾದದ್ದೂ ಅಲ್ಲ. ಹೆಣ್ಣುಮಕ್ಕಳಿಗೆ ಮುತ್ತು ಕಟ್ಟಿ ದೇವದಾಸಿಯರನ್ನಾಗಿಸುವ ಪದ್ಧತಿಯನ್ನು ನಿಲ್ಲಿಸಲು ರಾಜ್ಯಕ್ಕೆ 1982ರಲ್ಲಿ ಕಾಯ್ದೆಯನ್ನೇ ತರಬೇಕಾಯಿತು.

ಟ್ರ್ಯಾಕ್ಟರಿನ ಮಾತು ಬೇರೆ. ಇಡೀ ಓಣಿ ಒಂದೇ ಟ್ರೇಲರಿನಲ್ಲಿ ಹೋಗಬಹುದು, ಖರ್ಚು ಹಂಚಿಕೊಳ್ಳಬಹುದು, ಗಂಗಾಳ, ಹಿಟ್ಟು, ಕಟ್ಟಿಗೆ ಎಲ್ಲ ಹಿಡಿಸುತ್ತದೆ. ಒಲೆ ಹೂಡುವ ಪದ್ಧತಿ ಇನ್ನೂ ಉಳಿದಿರುವುದರಲ್ಲಿ ಅದರ ಪಾಲೂ ಇದೆ. ಆದರೂ ಅದು ಕಬ್ಬು, ಗೊಬ್ಬರ ಹೊರಲು ಮಾಡಿದ ಡಬ್ಬಿ. ಜನರನ್ನು ಸಾಗಿಸಲು ಅದಕ್ಕೆ ಪರವಾನಗಿಯಿಲ್ಲ. ಪಲ್ಟಿಯಾದರೆ ವಿಮೆಯ ಪರಿಹಾರಕ್ಕೂ ವರ್ಷಗಟ್ಟಲೆ ಕೋರ್ಟು ಅಲೆಯಬೇಕಾಗುತ್ತದೆ. ಸ್ಪೀಕರಿನ ಅಬ್ಬರದಲ್ಲಿ ಹಿಂದಿನ ವಾಹನದ ಹಾರ್ನೂ ಚಾಲಕನಿಗೆ ಕೇಳುವುದಿಲ್ಲ.

ನನ್ನ ಮನಸ್ಸು ಹೀಗೆ ಹೇಳುತ್ತದೆ: ಮಕ್ಕಳು ಮರಿ, ವಯಸ್ಸಾದವರು ಬಸ್ಸಿನಲ್ಲಿ ಹೋಗಲಿ, ಹುಣ್ಣಿವೆಯ ದಿನಗಳಲ್ಲಿ ಸಾರಿಗೆ ಸಂಸ್ಥೆ ಇನ್ನಷ್ಟು ಬಸ್ಸು ಬಿಡಲಿ. ಸ್ವಂತ ಎತ್ತು ಸಾಕಿದ ರೈತ ಚಕ್ಕಡಿ ಕಟ್ಟಲಿ, ಅವನನ್ನು ತಡೆಯಬಾರದು. ಟ್ರೇಲರಿನಲ್ಲಿ ಸಾಮಾನು ಹೋಗಲಿ, ಮನುಷ್ಯರು ಬೇಡ. ಯಲ್ಲಮ್ಮನ ಗುಡ್ಡದ ಅಭಿವೃದ್ಧಿಗೆ ಕೇಂದ್ರವು 2024ರಲ್ಲಿ 100 ಕೋಟಿ ರೂಪಾಯಿ ಮಂಜೂರು ಮಾಡಿದೆ. ಅದರಲ್ಲಿ ಬಂಡಿ ಬಿಡುವ ಬಯಲಿಗೆ, ದನಗಳ ನೀರಿನ ತೊಟ್ಟಿಗೆ, ಒಲೆ ಹೂಡುವ ಜಾಗಕ್ಕೆ ಒಂದಿಷ್ಟು ಸಿಗಬೇಕು.

ಈ ಸಲ ಚಕ್ಕಡಿ ಕಟ್ಟುವವರಲ್ಲಿ ಒಂದು ವಿನಂತಿ. ಹೊರಡುವ ಮುನ್ನ ಬಂಡಿಯ ಹಿಂದಿನ ಹಲಗೆಗೆ ಕೆಂಪು ರಿಫ್ಲೆಕ್ಟರ್ ಅಂಟಿಸಿ, ಎತ್ತಿಗೆ ಹೊಸ ಲಾಳ ಕಟ್ಟಿಸಿ, ಮಧ್ಯಾಹ್ನದ ಬಿಸಿಲಿಗೆ ಕೊಳ್ಳು ಹರಿಯಿರಿ.