ಸಲಹೆಗೆ ಉತ್ತರ
ನಮ್ಮ ಬಾಲಿಕೆಯರು ಇಂಗ್ಲಿಷ್ ವ್ಯಾಕರಣದಲ್ಲಿ ನಿಪುಣರಾಗಿದ್ದರೂ ಸಂಭಾಷಣೆಯಲ್ಲಿ ಎಡವುವರು. ನಾನೊಮ್ಮೆ ಒಬ್ಬ ವಿದ್ಯಾರ್ಥಿನಿಯನ್ನು ಕುರಿತು, "ವೈ ಡೋಂಟ್ ವೀ ಸಿಟ್ ಔಟ್‌ಸೈಡ್?" ಎನ್ನಲು, ಅವಳು ತಪ್ಪೊಪ್ಪಿಕೊಳ್ಳುವವಳಂತೆ ಕಾರಣ ಹೇಳತೊಡಗಿದಳು. ಅದು ಕಾರಣ ಕೇಳುವ ಪ್ರಶ್ನೆಯಲ್ಲ, ನಮ್ಮ "ಹೊರಗೆ ಕುಳಿತುಕೊಳ್ಳೋಣವೇ?" ಎಂಬ ಸಲಹೆಯೇ.

ಒಪ್ಪುವುದಾದರೆ "ಯೆಸ್, ಲೆಟ್ಸ್" ಎಂದರೆ ಸಾಕು. ಒಪ್ಪದಿದ್ದರೆ? ಬರಿಯ "ನೋ" ಎಂಬುದು ಒರಟು, ಮೌನವು ಸಮ್ಮತಿಯೆನಿಸುವುದು. "ಐ ವುಡ್ ರಾದರ್ ನಾಟ್" ಎಂದು ಹೇಳಿ, ಕಾರಣವನ್ನಾಗಲಿ ಬೇರೊಂದು ಸಲಹೆಯನ್ನಾಗಲಿ ಮುಂದಿಡುವುದೇ ಸಭ್ಯತೆ.

ಪೋಷಕರೇ, ಎಲ್ಲಕ್ಕೂ ತಲೆಯಾಡಿಸುವುದೇ ವಿನಯವೆಂದು ಮನೆಯಲ್ಲಿ ಕಲಿತವಳು ಪರಭಾಷೆಯಲ್ಲಿ ಒಲ್ಲೆನೆನ್ನುವುದು ಹೇಗೆ? ಮೊದಲು ಕನ್ನಡದಲ್ಲಿಯೇ ಅವಳ ಅಭಿಪ್ರಾಯವನ್ನು ಕೇಳಿರಿ, ಒಲ್ಲೆನೆಂದರೆ ಮುನಿಯದಿರಿ. ಇಂಗ್ಲಿಷನ್ನು ನಾವು ಕಲಿಸುವೆವು.